ರೆಕ್ಕೆಯ ಒಳಗೆ ಹೋದವಳು

ಕೆಲಸದಿಂದ ಬಂದ ಕೂಡಲೇ ತಣ್ಣೀರು ಸುರಿದುಕೊಳ್ಳಬೇಕು. ಬಿಸಿನೀರು ಬಿದ್ದರೆ ಮೈಗೆ ಹತ್ತಿದ ಗಾಜಿನ ಪುಡಿ ಚರ್ಮದೊಳಕ್ಕೇ ಇಳಿಯುತ್ತದೆ. ಆಮೇಲೆ ರಕ್ತ ಬರುವ ತನಕ ಕೆರೆದುಕೊಳ್ಳುವುದೇ ಗತಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸುವಂತಿಲ್ಲ. ಸ್ನಾನಕ್ಕೆ ಮೊದಲು ಕೂಸನ್ನು ಎತ್ತಿಕೊಳ್ಳುವಂತಿಲ್ಲ. ದಪ್ಪಕ್ಕನ ಮಗಳಿಗೆ ಮೂರು ವರ್ಷ. ಅಮ್ಮ ಬಾಗಿಲಿಗೆ ಬಂದರೆ ಅದು ಓಡಿಬರುವುದಿಲ್ಲ, "ನೀರು ಹಾಕ್ಕೊಂಡು ಬಾ" ಎಂದು ದೂರದಿಂದಲೇ ಅಪ್ಪಣೆ ಕೊಡುತ್ತದೆ.

"ನೋಡಿದ್ರಾ ಅತ್ತಿಗೆ, ನಿಮ್ಮ ಮಗಳು ಆಗ್ಲೇ ಮೇಸ್ತ್ರಿ ಆಗಿದ್ದಾಳೆ," ಎಂದು ಕಡ್ಡಿ ನಗುತ್ತಿದ್ದಳು.

ಕಡ್ಡಿ ದಪ್ಪಕ್ಕನ ನಾದಿನಿ. ಇಬ್ಬರಿಗೂ ಈ ಹೆಸರು ಫ್ಯಾಕ್ಟರಿಯಲ್ಲೇ ಬಿದ್ದದ್ದು. ದಪ್ಪಕ್ಕ ಹೇಳಿಕೊಳ್ಳುವಂಥ ದಪ್ಪವೇನಲ್ಲ. ಹೆರಿಗೆಯಾದ ಮೇಲೆ ಸೊಂಟ ಭುಜ ಅಗಲವಾದವು, ಅಷ್ಟೇ. ಆದರೆ ಆ ಫ್ಯಾಕ್ಟರಿಯಲ್ಲಿ ಅಷ್ಟು ಅಗಲವಾದರೂ ಸಾಕು, ಒಳಗಿನ ಕೆಲಸ ಹೋಗುತ್ತಿತ್ತು.

ಅಲ್ಲಿ ಮಾಡುತ್ತಿದ್ದುದು ಗಾಳಿಯಂತ್ರದ ರೆಕ್ಕೆ. ಒಂದೊಂದು ರೆಕ್ಕೆ ದಪ್ಪಕ್ಕನ ಮನೆಯಿದ್ದ ಬೀದಿಗಿಂತ ಉದ್ದ. ಎರಡು ಹೋಳಾಗಿ ಮಾಡಿ, ಅಂಟು ಬಳಿದು, ಒಂದರ ಮೇಲೊಂದು ಒತ್ತಿ ಕೂಡಿಸುತ್ತಾರೆ. ಆಗ ಒಳಗಡೆ ಉಕ್ಕಿದ ಅಂಟನ್ನು ಯಾರಾದರೂ ಹೋಗಿ ಕೆರೆಯಬೇಕು, ಕೂಡಿದ ಜಾಗಕ್ಕೆ ಗಾಜಿನ ಬಟ್ಟೆ ಹಾಸಿ ಮತ್ತೆ ಅಂಟು ಬಳಿಯಬೇಕು. ಬುಡದಲ್ಲಿ ನಿಂತು ಹೋಗಬಹುದು. ಸ್ವಲ್ಪ ದೂರಕ್ಕೆ ಬಗ್ಗಬೇಕು. ಆಮೇಲೆ ಮೊಣಕಾಲು, ಆಮೇಲೆ ಹೊಟ್ಟೆಯ ಮೇಲೆ ತೆವಳುವುದು. ಆ ಕೊನೆಯ ಜಾಗಕ್ಕೆ ಸಣಕಲು ಹೆಂಗಸರೇ ಬೇಕು. ಮೊದಲು ವಾರಕ್ಕೆ ಎರಡು ರೆಕ್ಕೆ ಆಗುತ್ತಿದ್ದವು. ಈಗ ದಿನಕ್ಕೊಂದು. ದೇಶ ಓಡುತ್ತಿದೆ, ನಾವೂ ಓಡೋಣ ಎಂದು ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು. ಬರೆಸಿದವರು ಕಾರಿನಲ್ಲಿ ಬರುತ್ತಿದ್ದರು. ತೆವಳುವವರು ಇವರು.

ಒಳಗೆ ಹೋಗುವವಳ ಸೊಂಟಕ್ಕೆ ಹಗ್ಗ ಕಟ್ಟಬೇಕೆಂದು ನಿಯಮವಿತ್ತು. ಹೊರಗಿದ್ದವಳು ಹತ್ತು ನಿಮಿಷಕ್ಕೊಮ್ಮೆ ಜಗ್ಗಬೇಕು. ಒಳಗಿದ್ದವಳು ಎರಡು ಸಲ ಜಗ್ಗಿದರೆ ಚೆನ್ನಾಗಿದ್ದಾಳೆ ಎಂದು ಅರ್ಥ. ಏನೂ ಬರದಿದ್ದರೆ ಎಳೆದುಕೊಳ್ಳಬೇಕು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇಕ್ಕಟ್ಟಿನಲ್ಲಿ ಆ ಹಗ್ಗ ಗಟ್ಟಿಯಾದ ಅಂಟಿನ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಪ್ರತಿ ಸಲ ಹಿಂದಕ್ಕೆ ತೆವಳಬೇಕು. ಹಾಗೆ ಮಾಡುತ್ತ ಕೂತರೆ ದಿನಕ್ಕೊಂದು ರೆಕ್ಕೆ ಆಗುವುದು ಸುಳ್ಳು. ಅದಕ್ಕೇ ಹೆಂಗಸರು ಉಪಾಯ ಕಂಡುಕೊಂಡಿದ್ದರು. ಇಕ್ಕಟ್ಟು ಶುರುವಾಗುವಲ್ಲಿ ಸೊಂಟದ ಹಗ್ಗ ಬಿಚ್ಚಿ, ಕೈಗೆಟಕುವಂತೆ ಅಂಟಿನ ಡಬ್ಬದ ಹಿಡಿಗೆ ಕಟ್ಟುವುದು. ಡಬ್ಬ ಎತ್ತಿ ಸರಿಸಿದರೆ ಹಗ್ಗವೂ ಬಿಡಿಸಿಕೊಳ್ಳುತ್ತದೆ. ಜಗ್ಗಿದಾಗ ಡಬ್ಬ ಸದ್ದು ಮಾಡುತ್ತದೆ, ಕೈ ಚಾಚಿ ಎರಡು ಸಲ ಜಗ್ಗಿದರಾಯಿತು. ಮೇಸ್ತ್ರಿಗೆ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು. ಇಬ್ಬರೂ ಕಂಡೂ ಕಾಣದಂತಿದ್ದರು.

ಕಡ್ಡಿಗೆ ಇದನ್ನು ಹೇಳಿಕೊಟ್ಟವಳು ದಪ್ಪಕ್ಕ.

ಅವತ್ತು ಹೊಸ ರೆಕ್ಕೆಯನ್ನು ನೋಡಲು ಅತಿಥಿಗಳು ಬರುವವರಿದ್ದರು. ಅಷ್ಟು ಉದ್ದದ ರೆಕ್ಕೆಯನ್ನು ಕಂಪನಿ ಮಾಡಿದ್ದು ಅದೇ ಮೊದಲು. ಬೆಳಗಿನಿಂದ ಮೇಸ್ತ್ರಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ತುದಿಯ ಕೆಲಸ ಒಂದಿಷ್ಟು ಉಳಿದಿತ್ತು.

ದಪ್ಪಕ್ಕ ಸುತ್ತ ನೋಡಿದಳು. "ಗಾಳಿ ಊದೋ ಮಿಷನ್ ಎಲ್ಲಿ ಮೇಸ್ತ್ರಿ?"

"ಡೇರೆಗೆ ತಗೊಂಡು ಹೋಗಿದ್ದಾರೆ. ದೊಡ್ಡವರು ಕೂರೋ ಜಾಗ, ಸೆಕೆ ಆಗಲ್ವಾ?"

"ಒಳಗೆ ಹೋಗೋರಿಗೆ?"

"ಅರ್ಧ ಗಂಟೆ ಕೆಲಸ ದಪ್ಪಕ್ಕ. ನೀನೇನು ಆಕಾಶ ತಲೆ ಮೇಲೆ ಬಿದ್ದ ಹಾಗೆ ಆಡ್ತೀಯ!"

ಅಂಟಿನ ವಾಸನೆ ಬುಡದಲ್ಲೇ ತಲೆಗೆ ಹತ್ತುತ್ತಿತ್ತು. ದಪ್ಪಕ್ಕನ ಮನಸ್ಸು ಒಪ್ಪಲಿಲ್ಲ. "ಬೇಡ ಕಣೇ," ಎಂದಳು.

"ಬಿಡಿ ಅತ್ತಿಗೆ, ಬೇಗ ಮುಗಿಸಿ ಬರ್ತೀನಿ. ಹೊರಗೆ ಕೂತು ಮೇಸ್ತ್ರಿ ಮುಖ ನೋಡೋದಕ್ಕಿಂತ ಒಳಗೇ ವಾಸಿ." ಕಡ್ಡಿ ತಲೆಗೆ ದೀಪ ಸಿಕ್ಕಿಸಿಕೊಂಡು ಹೋದಳು. ಇಪ್ಪತ್ತೆರಡು ವರ್ಷದ ಹುಡುಗಿ. ಅಷ್ಟು ರೆಕ್ಕೆಯೊಳಗೆ ತೆವಳಿದ್ದರೂ ತಿರುಗುವ ಗಾಳಿಯಂತ್ರವನ್ನು ಒಮ್ಮೆಯೂ ಕಂಡಿರಲಿಲ್ಲ. ಲಾರಿಗಳು ರೆಕ್ಕೆಗಳನ್ನು ಎಲ್ಲಿಗೆ ಒಯ್ಯುತ್ತವೆಂದು ಇವರಿಗೆ ಯಾರೂ ಹೇಳಿರಲಿಲ್ಲ.

ಹತ್ತು ನಿಮಿಷಕ್ಕೆ ದಪ್ಪಕ್ಕ ಜಗ್ಗಿದಳು. ಎರಡು ಜಗ್ಗು ಬಂತು. ಮತ್ತೆ ಹತ್ತು ನಿಮಿಷ. ತಡವಾಗಿ ಒಂದೇ ಒಂದು ಜಗ್ಗು ಬಂತು. ಕೈ ಅಂಟಿನಲ್ಲಿರಬೇಕು ಎಂದುಕೊಂಡಳು. ಆದರೂ ಸಮಾಧಾನವಾಗದೆ ಕೂಡಲೇ ಮತ್ತೆ ಜಗ್ಗಿದಳು. ಏನೂ ಬರಲಿಲ್ಲ. ಎಳೆಯತೊಡಗಿದಳು. ಹಗ್ಗ ಸರಾಗವಾಗಿ ಬಂತು. ಬರುತ್ತಿದ್ದಾಳೆ, ತಾನೇ ತೆವಳಿಕೊಂಡು ಬರುತ್ತಿದ್ದಾಳೆ ಎಂದು ಒಂದು ಗಳಿಗೆ ಜೀವ ಹಗುರಾಯಿತು. ಕತ್ತಲೆಯಿಂದ ಡಬ್ಬ ಉರುಳಿಕೊಂಡು ಬಂದು ಅವಳ ಕಾಲಿಗೆ ತಾಗಿತು.

ದಪ್ಪಕ್ಕ ಹಗ್ಗ ಬಿಸಾಕಿದಳು. ಕೂಗಿಕೊಂಡೇ ಒಳಗೆ ನುಗ್ಗಿದಳು. ನಿಂತು, ಬಗ್ಗಿ, ತೆವಳಿ ಹೋದಳು. ಒಂದು ಕಡೆ ಭುಜ ಸಿಕ್ಕಿಕೊಂಡಿತು. ದೂರದಲ್ಲಿ ತಲೆಯ ದೀಪ ಉರಿಯುತ್ತಿತ್ತು. ಆ ಬೆಳಕಿನಲ್ಲಿ ನಾದಿನಿಯ ಎರಡು ಅಂಗಾಲು ಕಾಣುತ್ತಿದ್ದವು. ಅಲುಗಾಡುತ್ತಿರಲಿಲ್ಲ. ಕೈ ಚಾಚಿದರೆ ಇನ್ನೂ ಮೂರು ಆಳಿನಷ್ಟು ದೂರ. ತಲೆ ಸುತ್ತಿ ಬಂತು. ಹಿಂದೆ ಬಂದವರು ಕಾಲು ಹಿಡಿದು ಅವಳನ್ನು ಹೊರಗೆಳೆದರು.

"ಕೊಯ್ಯಿರಿ! ರೆಕ್ಕೆ ಕೊಯ್ಯಿರಿ! ಉಸಿರು ಕಟ್ಟಿ ಬಿದ್ದಿದ್ದಾಳೆ!"

ಮ್ಯಾನೇಜರ್ ಓಡಿಬಂದ. ಇನ್ನೂ ಡೇರೆಯ ಹೂವಿನ ವಾಸನೆ ಹೊತ್ತೇ ಬಂದಿದ್ದ. "ಕೊಯ್ಯೋದಾ? ಇದು ಯಾವ ರೆಕ್ಕೆ ಗೊತ್ತಾ ನಿನಗೆ? ತಡಿ, ಮೇಲಿನವರನ್ನ ಕೇಳ್ತೀನಿ."

ಅವನು ಫೋನು ಹಿಡಿದು ಮೂಲೆಗೆ ಹೋದ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ಇನ್ನೊಬ್ಬರನ್ನು ಕೇಳಿ ಎಂದರು. ಹಿಂದಕ್ಕೆ ಬಂದು, "ತೆಳ್ಳಗಿರೋಳು ಇನ್ನೊಬ್ಬಳು ಹೋಗಿ ಎಳ್ಕೊಂಡು ಬರ್ಲಿ," ಎಂದ. ಒಬ್ಬಳು ಹೋದಳು. ಅರ್ಧಕ್ಕೇ ವಾಂತಿ ಮಾಡಿಕೊಂಡು ಬಂದು ನೆಲಕ್ಕೆ ಬಿದ್ದಳು. ಅವನು ಮತ್ತೆ ಫೋನು ಹಿಡಿದ.

ದಪ್ಪಕ್ಕ ಕೊಯ್ಯುವ ಮಿಷನ್ ಎತ್ತಿಕೊಂಡಳು. ಅದನ್ನು ಹಿಡಿಯುವ ಬಗೆಯೇ ಅವಳಿಗೆ ಗೊತ್ತಿರಲಿಲ್ಲ. ಅಂಚು ಕೊಯ್ಯುವ ಮುದುಕ ಅವಳ ಕೈಯಿಂದ ಕಿತ್ತುಕೊಂಡ. "ಕೊಡಮ್ಮ ಇಲ್ಲಿ. ನೀನು ಕೊಯ್ದರೆ ಹುಡುಗಿಯನ್ನೂ ಕೊಯ್ತೀಯ. ಎಲ್ಲಿದ್ದಾಳೆ ಹೇಳು."

ಒಳಬಿಟ್ಟ ಹಗ್ಗದ ಉದ್ದ ದಪ್ಪಕ್ಕನಿಗೆ ಗೊತ್ತಿತ್ತು. ಹೊರಗಿನಿಂದ ಮಾರು ಅಳೆಯುತ್ತ ಓಡಿದಳು. "ಇಲ್ಲಿ!"

"ಕೆಲಸ ಕಳ್ಕೋತೀಯ ಮುದುಕಾ!" ಮ್ಯಾನೇಜರ್ ಕಿರುಚಿದ. ಹೆಂಗಸರು ಅವನಿಗೂ ರೆಕ್ಕೆಗೂ ನಡುವೆ ನಿಂತರು. ಮಿಷನ್ ಸದ್ದಿನಲ್ಲಿ ಅವನ ಮಾತು ಯಾರಿಗೂ ಕೇಳಿಸಲಿಲ್ಲ.

ಕಡ್ಡಿಯನ್ನು ಆ ತೂತಿನಿಂದ ಹೊರಗೆ ತೆಗೆದರು. ಮೈ ಇನ್ನೂ ಬೆಚ್ಚಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ಹಿಡಿದು ನೋಡಿ, ಕಣ್ಣು ಬಿಡಿಸಿ ನೋಡಿ, ಕೈ ಬಿಟ್ಟರು. "ಇಪ್ಪತ್ತು ನಿಮಿಷ ಮೊದಲು ತಂದಿದ್ದರೆ," ಎಂದರು. ಮ್ಯಾನೇಜರ್ ಫೋನಿನಲ್ಲಿದ್ದದ್ದು ಇಪ್ಪತ್ತೈದು ನಿಮಿಷ.

ಮಣ್ಣು ಮಾಡಿದ ಮೂರನೆಯ ದಿನ ದಪ್ಪಕ್ಕನನ್ನು ಫ್ಯಾಕ್ಟರಿಗೆ ಕರೆಸಿದರು. ಕಾಗದವೊಂದನ್ನು ಬರೆದಿಟ್ಟಿದ್ದರು. ಕೆಲಸಗಾರ್ತಿ ನಿಯಮ ಮೀರಿ ಹಗ್ಗ ಬಿಚ್ಚಿದ್ದರಿಂದ ಸಾವು ಸಂಭವಿಸಿದೆ ಎಂದಿತ್ತು.

"ಸಹಿ ಹಾಕು. ನಿನ್ನನ್ನ ಕೆಲಸದಲ್ಲೇ ಉಳಿಸ್ಕೋತೀವಿ," ಎಂದ ಮ್ಯಾನೇಜರ್.

ದಪ್ಪಕ್ಕ ಮೂರು ದಿನದಿಂದ, ಮಗಳನ್ನು ಕಳೆದುಕೊಂಡ ಅತ್ತೆಯ ಮುಖ ನೋಡಿರಲಿಲ್ಲ. ನೋಡಲು ಧೈರ್ಯವೇ ಇರಲಿಲ್ಲ. ಆ ಕಾಗದ ಓದಿದ ಮೇಲೆ ಮಾತ್ರ ಅವಳ ತಲೆ ನೆಟ್ಟಗಾಯಿತು.

"ಬಿಚ್ಚೋಕೆ ಹೇಳಿಕೊಟ್ಟಿದ್ದು ನಾನು. ಅದನ್ನ ಬರೀರಿ. ಸಾಯೋ ತನಕ ಹೊತ್ಕೊಂಡು ತಿರುಗ್ತೀನಿ. ಆದ್ರೆ ಯಾಕೆ ಬಿಚ್ತೀವಿ ಅಂತಾನೂ ಬರೀರಿ. ಊದೋ ಮಿಷನ್ ಯಾರಿಗೆ ಗಾಳಿ ಹಾಕ್ತಿತ್ತು ಅಂತಾನೂ ಬರೀರಿ."

"ಅದೆಲ್ಲ ಬರೆಯೋಕಾಗಲ್ಲ."

"ಹಾಗಾದ್ರೆ ಇದಕ್ಕೆ ಸಹಿ ಹಾಕೋಕೂ ಆಗಲ್ಲ."

ಹೊರಗೆ ಬಂದರೆ ಅದೇ ರೆಕ್ಕೆ, ಅದೇ ತೂತು. ಪಕ್ಕದಲ್ಲಿ ಮೇಸ್ತ್ರಿ ಗಾಜಿನ ಬಟ್ಟೆ ಹರಡಿಕೊಂಡಿದ್ದ. "ಎರಡು ದಿನದ ಕೆಲಸ," ಎಂದು ಯಾರಿಗೋ ಹೇಳುತ್ತಿದ್ದ. "ಮುಚ್ಚಿ ಬಣ್ಣ ಹೊಡೆದ್ರೆ ಕೊಯ್ದಿದ್ದು ಅಂತ ಹುಟ್ಟಿಸಿದವನಿಗೂ ಗೊತ್ತಾಗಲ್ಲ."

ಎರಡೇ ದಿನದ ಕೆಲಸ. ಎರಡು ದಿನದ ತೇಪೆಗೆ ಹೆದರಿ ಇವರು ಒಂದು ಜೀವ ಕಳೆದರು.

ಆದರೆ ತೇಪೆಯನ್ನು ಒಳಗಿನಿಂದಲೂ ಹಾಕಬೇಕಿತ್ತು. "ಯಾರು ಹೋಗ್ತೀರ?" ಮೇಸ್ತ್ರಿ ಕೇಳಿದ. ದಪ್ಪಕ್ಕ ತೂತಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಮುದುಕ ಬಂದು ಕೂತ. ಕೆಲಸ ಹೋದವನು, ಗೇಟಿನಿಂದ ಹೇಗೆ ಒಳಬಂದನೋ. ಹೆಂಗಸರು ಒಬ್ಬೊಬ್ಬರಾಗಿ ಮುಖಗವಸು ಬಿಚ್ಚಿ ಕೂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಮ್ಯಾನೇಜರ್ ನಕ್ಕ. "ಗೇಟಿನ ಹತ್ರ ಕೆಲಸ ಕೇಳ್ಕೊಂಡು ನಿಮ್ಮಂಥವರು ನೂರು ಜನ ನಿಂತಿದ್ದಾರೆ."

ಸುಳ್ಳೇನಲ್ಲ. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಒಬ್ಬಳನ್ನು ಕರೆತಂದ. ಸಣಕಲು ಹೆಂಗಸು. ಹರಿದ ಚಪ್ಪಲಿ. ಊಟ ಮಾಡಿ ಎಷ್ಟು ಹೊತ್ತಾಗಿತ್ತೋ. ಅವಳ ತಲೆಗೆ ದೀಪ ಕಟ್ಟಿ ಕೈಗೆ ಡಬ್ಬ ಕೊಟ್ಟರು. ದಪ್ಪಕ್ಕ ಅವಳನ್ನು ತಡೆಯಲಿಲ್ಲ. ತಡೆಯುವ ಹಕ್ಕು ತನಗೆಲ್ಲಿದೆ? ಅವಳ ಮನೆಯಲ್ಲೂ ಕೂಸಿರಬಹುದು.

ಆ ಹೆಂಗಸು ಕೂತವರನ್ನು ದಾಟಿ ಬಂದು ತೂತಿನೊಳಗೆ ಇಣುಕಿದಳು.

"ಅಕ್ಕಾ, ಆ ಹುಡುಗಿ ಇದ್ದಿದ್ದು ಇಲ್ಲೇನಾ?"

"ಇಲ್ಲೇ. ನನ್ನ ನಾದಿನಿ."

"ಹೋಗ್ತೀಯೋ ಇಲ್ವೋ?" ಮೇಸ್ತ್ರಿ ಗದರಿದ.

ಅವಳು ದೀಪ ಬಿಚ್ಚಿ ಅವನ ಕೈಗೆ ಕೊಟ್ಟಳು. "ಮೊದ್ಲು ನೀವು ಹೋಗಿ ಬನ್ನಿ ಮೇಸ್ತ್ರಿ. ನೀವು ಬರೋ ತನಕ ನಾನು ಇಲ್ಲೇ ಇರ್ತೀನಿ," ಎಂದು ಡಬ್ಬ ಪಕ್ಕಕ್ಕಿಟ್ಟು, ದಪ್ಪಕ್ಕನಿಗೆ ಸ್ವಲ್ಪ ಸರಿಯುವಂತೆ ಹೇಳಿ, ಅವಳ ಬದಿಗೇ ಕೂತಳು.