ಬನಹಟ್ಟಿಯಿಂದ ಜಮಖಂಡಿಗೆ, ಬೈಕಿನ ಮೇಲೆ

ವಕೀಲರಾದ ಅಕ್ಷತಾ ಆ ಕಾಗದವನ್ನು ಎರಡು ಸಲ ಓದಿದರು. ಮೊದಲ ಸಲ ಮಾಳುವಿಗೆ ಬರೀ ಕೋರ್ಟಿನ ಭಾಷೆ ಕೇಳಿಸಿತು. ಎರಡನೆಯ ಸಲ ತನ್ನ ಹೆಸರು ಕೇಳಿಸಿತು.

"'ಅರ್ಜಿದಾರನ ಎರಡೂ ಕಾಲುಗಳ ಸ್ವಾಧೀನ ತಪ್ಪಿರುವುದು ಶೆಡ್ಡಿನಲ್ಲಿ ಬಿದ್ದುದರಿಂದಲ್ಲ. ಅವನ ಸ್ವಂತ ತಮ್ಮನಾದ ಮಾಳು ಎಂಬುವನು ಅವನನ್ನು ಬೇಜವಾಬ್ದಾರಿಯಿಂದ ಎತ್ತಿ, ಮೋಟಾರ್ ಸೈಕಲ್ ಮೇಲೆ ಕೂಡಿಸಿ ಒಯ್ದುದರಿಂದ ಬೆನ್ನುಹುರಿಗೆ ಪೆಟ್ಟಾಗಿದೆ. ಆದಕಾರಣ ಎದುರುದಾರರು ಪರಿಹಾರ ಕೊಡಲು ಬಾಧ್ಯರಲ್ಲ.'"

ಮಾಳುವಿನ ಕಿವಿಗಳು ಬಿಸಿಯಾದವು. "ಹಿಂಗಂತ ಮುರಗೆಪ್ಪ ಸಾವಕಾರ ಬರಸ್ಯಾನ್ರಿ?"

"ಅವರ ವಕೀಲ ಬರದಾನ. ಸಹಿ ಸಾವಕಾರಂದ."

ಮೂರು ವರ್ಷದಲ್ಲಿ ಇದು ಶೆಡ್ಡಿನ ಮಾಲೀಕ ಮುರಗೆಪ್ಪನ ಎರಡನೆಯ ತಕರಾರು. ಮಾಳುವಿನ ಅಣ್ಣ ಸಿದರಾಯ ತನ್ನ ಕೆಲಸಗಾರನೇ ಅಲ್ಲ, ಮಳೆ ಬಂತೆಂದು ಮಗ್ಗದ ಶೆಡ್ಡಿನೊಳಗೆ ಬಂದು ನಿಂತಿದ್ದ ಎಂಬುದು ಮೊದಲನೆಯದು. ಖಂಡೇನವಮಿಯ ಆಯುಧಪೂಜೆಯ ದಿನ ತೆಗೆದ ಒಂದು ಫೋಟೊ ಅದನ್ನು ಮುರಿದು ಹಾಕಿತ್ತು. ಅದರಲ್ಲಿ ಮಗ್ಗಗಳ ಮುಂದೆ ಸಿದರಾಯ ಬೋಲ್ಟು ಬಿಗಿಯುವ ಪಾನಾಗಳನ್ನು ಸಾಲಾಗಿ ಇಟ್ಟು ಮುರಗೆಪ್ಪನೇ ಕುಂಕುಮ ಹಚ್ಚುತ್ತಿದ್ದ. ಆ ದಾರಿ ಮುಚ್ಚಿದ ಮೇಲೆ ಈಗ ಈ ದಾರಿ ಹಿಡಿದಿದ್ದ.

"ನಾಡದು ನಿಮ್ಮ ಪಾಟೀಸವಾಲು," ಎಂದರು ಅಕ್ಷತಾ. "ಅವರ ವಕೀಲ ಜ್ಞಾನೇಶ್ವರ ಇದನ್ನ ತಿರುಗಾಮುರುಗಾ ಕೇಳ್ತಾನ. ಉದ್ದ ಉತ್ತರ ಕೊಡಬ್ಯಾಡ್ರಿ. ಯಾರು ಎತ್ತಿದ್ರು, ಹ್ಯಾಂಗ ಒಯ್ದ್ರಿ ಅಂದ್ರ 'ಗಾಬರ್ಯಾಗ ನೆನಪಿಲ್ಲ' ಅಂದುಬಿಡ್ರಿ. ನೀವು ಹೌದು ಅಂದ್ರ, ಅದನ್ನ ಹಿಡಕೊಂಡು ನಿಮ್ಮ ಅಣ್ಣನ ಕೇಸ ಮುಗಸ್ತಾನ."

ಮಾಳು ತಲೆಯಾಡಿಸಿದ. ಆದರೆ ಅವನಿಗೆ ಎಲ್ಲವೂ ನೆನಪಿತ್ತು. ಬನಹಟ್ಟಿಯಿಂದ ಜಮಖಂಡಿಯವರೆಗೆ ರಸ್ತೆಯಲ್ಲಿ ಆಗ ಎಷ್ಟು ಹಂಪುಗಳಿದ್ದವು ಎಂಬುದೂ ನೆನಪಿತ್ತು. ಹನ್ನೊಂದು.

*

ಸಿದರಾಯ ಮುರಗೆಪ್ಪನ ಶೆಡ್ಡಿನಲ್ಲಿ ಜಾಬರ್ ಆಗಿದ್ದ. ಇಪ್ಪತ್ತನಾಲ್ಕು ಪವರ್‌ಲೂಮುಗಳಲ್ಲಿ ಯಾವುದು ಕೆಟ್ಟರೂ ರಿಪೇರಿ ಅವನದೇ. ಚಾವಣಿ ಹತ್ತುವುದು ಜಾಬರನ ಕೆಲಸವಲ್ಲ. ಆದರೆ ಆ ದಿನ ಬೆಳಿಗ್ಗೆ ಜೋರು ಮಳೆ ಹೊಡೆದು, ಏಳನೆಯ ಮಗ್ಗದ ಹಾಸಿನ ನೂಲಿನ ಮೇಲೆ ನೀರು ತೊಟ್ಟಿಕ್ಕತೊಡಗಿತ್ತು.

"ಸಿದರಾಯಾ, ಮ್ಯಾಲ ಹತ್ತಿ ಒಂದು ಪ್ಲಾಸ್ಟಿಕ್ ಹೊದಿಸಿ ಬಾ," ಎಂದ ಮುರಗೆಪ್ಪ.

ಸಿಮೆಂಟ್ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಹತ್ತುವವರು ಅದರ ಮೇಲೆ ಹಲಗೆ ಹಾಸಿಕೊಂಡು, ಹಲಗೆಯ ಮೇಲೆ ನಡೆಯಬೇಕು. ಸಿದರಾಯ ಹಲಗೆ ಕೇಳಿದ. ಹಲಗೆಗಳು ನೂಲಿನ ಚೀಲಗಳ ಕೆಳಗಿದ್ದವು.

"ಚೀಲ ಸರಸಾಕ ಅರ್ಧಾ ತಾಸು ಬೇಕಲೇ. ಅಷ್ಟರಾಗ ಹಾಸು ಪೂರಾ ತೊಯ್ತೈತಿ. ಬೋಲ್ಟ್ ಇದ್ದಲ್ಲಿ ಕಾಲಿಟಗೋತ ಹೋಗು, ಏನೂ ಆಗೂದುಲ್ಲ."

ಇಪ್ಪತ್ತೆರಡು ವರ್ಷದ ಹಳೆಯ ಶೀಟು. ಮಳೆಗೆ ಪಾಚಿ ಕಟ್ಟಿ, ಬೋಲ್ಟು ಯಾವುದು, ಕಲೆ ಯಾವುದು ತಿಳಿಯದಂತಾಗಿತ್ತು. ಮೂರನೆಯ ಹೆಜ್ಜೆಗೆ ಶೀಟು ಒಡೆದು ಸಿದರಾಯ ಒಳಗೆ ಬಂದ. ಕೆಳಗಿದ್ದ ಮಗ್ಗದ ಕಬ್ಬಿಣಕ್ಕೆ ಸೊಂಟ ಬಡಿದು ನೆಲಕ್ಕೆ ಉರುಳಿದ. ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ. ಮಗ್ಗಗಳು ನಡೆದೇ ಇದ್ದವು. ಐದನೆಯ ಮಗ್ಗದಲ್ಲಿ ನೇಯುತ್ತಿದ್ದ ಮಾಳು, ಶೆಡ್ಡಿನೊಳಗೆ ಇದ್ದಕ್ಕಿದ್ದಂತೆ ಬೆಳಕು ಬಿತ್ತಲ್ಲ ಎಂದು ತಿರುಗಿ ನೋಡಿದ.

ಒಂದು ಹನಿ ರಕ್ತ ಇರಲಿಲ್ಲ. ಸಿದರಾಯನ ಮುಖ ಬೂದಿಯಾಗಿತ್ತು. "ಮಾಳೂ, ನಡಾ ಮುರೀತಲೇ," ಎಂದ.

ಮಗ್ಗಗಳ ಸದ್ದಿಗೆ ಮಾಳು ಹೊರಗೋಡಿ ನೂರಾ ಎಂಟಕ್ಕೆ ಫೋನ್ ಹಚ್ಚಿದ. ಆಚೆಯಿಂದ ಒಬ್ಬ ಹೆಂಗಸು ಊರು ಕೇಳಿದಳು. "ಬನಹಟ್ಟಿ," ಎಂದ. ಏನಾಗಿದೆ ಎಂದು ಕೇಳಿದಳು. "ನಮ್ಮ ಅಣ್ಣ ಮ್ಯಾಲಿಂದ ಬಿದ್ದಾನ್ರಿ," ಎನ್ನುವಷ್ಟರಲ್ಲಿ ಹಿಂದೆಯೇ ಬಂದ ಮುರಗೆಪ್ಪ ಫೋನು ಕಸಿದುಕೊಂಡ. ಕರೆ ಕಟ್ ಮಾಡಿ ತನ್ನ ಜೇಬಿಗೆ ಹಾಕಿಕೊಂಡ.

"ಆಂಬುಲೆನ್ಸ್ ಬಂದ್ರ ಬೆನ್ನಿಗೆ ಪೊಲೀಸ್ರು ಬರ್ತಾರ. ಶೆಡ್ ಬಂದಾದ್ರ ಹನ್ನೆರಡು ಮನಿ ಒಲಿ ಆರ್ತಾವು, ನಿಮ್ಮದೂ ಅದರಾಗ ಒಂದು. ಸುಮ್ನ ಬೈಕ್ ಮ್ಯಾಲ ಹಾಕ್ಕೊಂಡು ಜಮಖಂಡಿಗಿ ಒಯ್ಯಿ. ಇಲ್ಲೆ ಊರಾಗ ತೋರಸಬ್ಯಾಡ."

ಹತ್ತು ವರ್ಷದಿಂದ "ಹೂಂನ್ರಿ ಸಾವಕಾರ್ರ" ಎಂದು ರೂಢಿಯಾದ ಮಾಳುವಿನ ನಾಲಿಗೆ ಅಂದೂ ಅದನ್ನೇ ಅಂದಿತು. ನಾಲ್ಕು ಜನ ಒಂದು ಸೀರೆಯ ಮೂಲೆ ಹಿಡಿದು, ಜೋಳಿಗೆಯ ಹಾಗೆ ಸಿದರಾಯನನ್ನು ಹೊರಗೆ ತಂದರು. ಮಾಳು ಬೈಕ್ ಓಡಿಸಿದ, ಭೀಮಶಿ ಎಂಬ ಜೊತೆಗಾರ ಹಿಂದೆ ಕೂತು ತಬ್ಬಿ ಹಿಡಿದ, ಸಿದರಾಯ ನಡುವೆ. ಮೊದಲ ಹಂಪಿಗೆ ಕೂಗಿದ. ನಾಲ್ಕನೆಯದಕ್ಕೂ ಕೂಗಿದ. ಆಮೇಲಿನವಕ್ಕೆ ಕೂಗಲಿಲ್ಲ. ನೋವು ಕಡಿಮೆಯಾಯಿತೆಂದು ಮಾಳು ಸಮಾಧಾನಪಟ್ಟುಕೊಂಡಿದ್ದ.

ಜಮಖಂಡಿಯವರು ಮುಂದೆ ಕಳಿಸಿದ ಮೇಲೆ ಮಿರಜಿನ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ತೋರಿಸಿದ್ದರು. ಸೊಂಟದ ಮಣಿಯೊಂದು ಒಡೆದು, ಅದರ ಚೂರು ಹಿಂದಿನ ನರದ ಮೇಲೆ ಕೂತಿತ್ತು. "ಎಲುಬು ಬಿದ್ದಾಗಲೇ ಒಡೆದಿದೆ. ಚೂರು ಯಾವಾಗ ಸರಿಯಿತು ಎಂದು ಈ ಚಿತ್ರ ಹೇಳುವುದಿಲ್ಲ," ಎಂದಿದ್ದರು. ಆ ಒಂದು ಮಾತು ಮೂರು ವರ್ಷದಿಂದ ಮಾಳುವಿನ ಎದೆಯಲ್ಲಿ ಮುಳ್ಳಾಗಿ ಮುರಿದು ನಿಂತಿತ್ತು. ಫೋನಿನ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಕ್ಷತಾಗೂ ಸಹ. ಕೈಯೊಳಗಿನ ಫೋನು ಕಸಿದರೂ ಸುಮ್ಮನೆ ನಿಂತೆ ಎಂದು ಹೇಗೆ ಹೇಳುವುದು?

*

ಮನೆಯಲ್ಲಿ ಸಿದರಾಯ ಗೋಡೆಗೆ ಒರಗಿ ಮಗ್ಗದ ನೂಲಿನ ಕಂಡಿಕೆ ಸುತ್ತುತ್ತಿದ್ದ. ಬೆನ್ನಿಗೆ ಹುಣ್ಣಾಗಬಾರದೆಂದು ಹೆಂಡತಿ ಸುಂದರವ್ವ ಎರಡು ತಾಸಿಗೊಮ್ಮೆ ಅವನ ಮಗ್ಗುಲು ಬದಲಿಸುತ್ತಿದ್ದಳು. ಹೋದ ತಿಂಗಳು ಬಿಸಿ ಗಡಿಗೆ ತಾಗಿ ಎಡಗಾಲು ಸುಟ್ಟಾಗ, ವಾಸನೆ ಬಂದ ಮೇಲೆಯೇ ಅವನಿಗೆ ತಿಳಿದದ್ದು.

ಮಾಳು ಕಾಗದದಲ್ಲಿದ್ದುದನ್ನು ಹೇಳಿದ. ಸುಂದರವ್ವ ಸಿಡಿದೆದ್ದಳು.

"ಭಾಡ್ಯಾ! ಹಲಗಿ ಕೊಡಲಾರದವ ಈಗ ತಮ್ಮನ ಮ್ಯಾಲ ಹಾಕ್ತಾನು? ನೀ ಏನಂತಿ ಅಲ್ಲೆ?"

"ವಕೀಲ್ರು ನೆನಪಿಲ್ಲ ಅನ್ನು ಅಂದಾರ ವೈನಿ."

"ಹಂಗ ಅನ್ನು," ಎಂದ ಸಿದರಾಯ, ತಲೆ ಎತ್ತದೆ. "ಅಷ್ಟ ಅನ್ನು. ಬೈಕಿನ ಮಾತ ತೆಗೀಬ್ಯಾಡ."

ಹೇಳಿದ ರೀತಿ ಮಾಳುವಿಗೆ ಸರಿ ಕಾಣಲಿಲ್ಲ. "ಯಾಕಣ್ಣಾ?"

"ಬ್ಯಾಡ ಅಂದ್ನಿ, ಬ್ಯಾಡ."

"ನಿನಗೇನರ ಗೊತ್ತೈತಿ. ಹೇಳು. ನನ್ನ ಆಣಿ ಐತಿ."

ಸಿದರಾಯ ನೂಲು ಹರಿದ. ತುದಿಗಳನ್ನು ಮತ್ತೆ ಗಂಟು ಹಾಕಿದ.

"ಸೀರ್ಯಾಗ ಎತ್ತಿದ್ರೆಲ್ಲ, ಆಗ ಬಲಗಾಲಿನ ಹೆಬ್ಬಳ್ಳು ಆಡ್ತಿತ್ತು," ಎಂದ. "ನಾನ ಆಡಿಸಿ ನೋಡಿದ್ನಿ. ಜೀವ ಐತಿ ಅಂದ್ಕೊಂಡ್ನಿ. ಬೈಕಿನ ಮ್ಯಾಲ ನಾಕೈದು ಹಂಪ್ ಆದ ಮ್ಯಾಲ ಆಡಲಿಲ್ಲ."

ಮಾಳು ಎದ್ದು ನಿಂತ. ಮತ್ತೆ ಕೂತ. ಬಾಯಿಗೆ ಬಂದದ್ದು, ಮೂರು ವರ್ಷ ಒಳಗಿಟ್ಟುಕೊಂಡಿದ್ದ ಫೋನಿನ ಮಾತು. ತಪ್ಪಿಲ್ಲದೆ, ಒಂದೊಂದಾಗಿ ಹೇಳಿದ: ಹೆಂಗಸಿನ ದನಿ, ಅವಳು ಕೇಳಿದ್ದು, ಮುರಗೆಪ್ಪ ಕಸಿದುಕೊಂಡದ್ದು, ತಾನು ಸುಮ್ಮನಾದದ್ದು.

ಸಿದರಾಯ ಕೈಯಲ್ಲಿದ್ದ ಕಂಡಿಕೆಯನ್ನು ಅವನತ್ತ ಎಸೆದ. ಅದು ಭುಜಕ್ಕೆ ಬಡಿದು ಬಿತ್ತು. "ಹುಚ್ಚ ಸೂಳೇಮಗನ! ಆಂಬುಲೆನ್ಸ್ ಸಿಗಲಿಲ್ಲ ಅಂತ ತಿಳದಿದ್ನಿ ನಾ. ಮಳ್ಯಾಗ ಬರಲಿಲ್ಲ ಅಂತ ತಿಳದಿದ್ನಿ!"

"ಹೊಡಿ. ಇನ್ನೂ ಹೊಡಿ."

"ಸಾಕ್ ಮಾಡ್ರಿ ಇಬ್ಬರೂ!" ಸುಂದರವ್ವನ ದನಿಗೆ ಪಕ್ಕದ ಮನೆಯ ಮಗ್ಗವೂ ನಿಂತಂತಾಯಿತು. "ತಮ್ಮಗ ನೋವಾದೀತು ಅಂತ ಇವರು ಬಾಯಿ ಮುಚ್ಚಿದ್ರು. ಮಾನ ಹೋದೀತು ಅಂತ ನೀ ಮುಚ್ಚಿದಿ. ನೀವಿಬ್ಬರೂ ಒಬ್ಬರನ್ನೊಬ್ಬರು ಕಾಯ್ಕೊಂಡ್ರಿ, ಅದರ ನೆರಳಾಗ ಆ ಮುರಗೆಪ್ಪ ಮೂರು ವರ್ಷ ತಂಪಾಗಿ ಕುಂತಾನ. ಹೇಲು ಉಚ್ಚಿ ಬಳಿಯಾಕಿ ನಾನು. ನನ್ನ ಕೇಳೀರೇನು ಯಾರರ?"

"ಕೇಸ ಹೋದ್ರ?" ಎಂದ ಮಾಳು.

"ಹೋದ್ರ ಖರೆ ಹೇಳಿ ಹೋಗ್ಲಿ," ಎಂದಳು. ಕಂಡಿಕೆ ಎತ್ತಿ ಗಂಡನ ಕೈಗೆ ಕೊಟ್ಟಳು. "ನೆನಪಿಲ್ಲ ಅಂದಿ ಅಂದ್ರ ಈ ಮನಿ ಹೊಸ್ತಲಾ ತುಳೀಬ್ಯಾಡ."

ಸಿದರಾಯನ ಸಾಕ್ಷಿಯನ್ನು ಬರೆದುಕೊಳ್ಳಲು ಕೋರ್ಟಿನವರೇ ಮುಂದಿನ ತಿಂಗಳು ಮನೆಗೆ ಬರುವವರಿದ್ದರು. "ಹೆಬ್ಬಳ್ಳಿನ ಮಾತ ನಾ ಹೇಳ್ತೇನಿ," ಎಂದ ಅವನು, ಗೋಡೆಯ ಕಡೆ ನೋಡುತ್ತ. "ನಿಂದು ನೀ ಹೇಳು."

*

ಜಮಖಂಡಿಯ ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಮುರಗೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದ. ಮಾಳು ಕಟಕಟೆ ಹತ್ತುವಾಗ, ಊರಿನವರು ಮಾತಾಡಿಸುವಂತೆ ಅವನತ್ತ ಸಣ್ಣಗೆ ತಲೆಯಾಡಿಸಿದ.

ಜ್ಞಾನೇಶ್ವರ ವಕೀಲರಿಗೆ ಅವಸರವಿರಲಿಲ್ಲ. "ನಿಮ್ಮ ಅಣ್ಣ ಬಿದ್ದಾಗ ಮೈಮ್ಯಾಲ ರಕ್ತ ಇತ್ತೇನು?"

"ಇರಲಿಲ್ರಿ."

"ಮಾತಾಡ್ತಿದ್ರು?"

"ಹೌದ್ರಿ."

"ಅವರನ್ನ ಎತ್ತಿದವರು ಯಾರು?"

ಅಕ್ಷತಾ ಮಾಳುವನ್ನೇ ನೋಡುತ್ತಿದ್ದರು.

"ನಾನ್ರಿ. ನಾಕು ಮಂದಿ. ಸೀರ್ಯಾಗ ಎತ್ತಿದಿವ್ರಿ."

"ಬೈಕ್ ಮ್ಯಾಲ ಕೂಡ್ರಿಸಿದವರು?"

"ನಾನ್ರಿ."

ಅಕ್ಷತಾ ಪೆನ್ನು ಕೆಳಗಿಟ್ಟರು. ಜ್ಞಾನೇಶ್ವರರು ಅರ್ಧ ನಕ್ಕರು. "ನಡ ಮುರದವ್ರನ್ನ ಬೈಕ್ ಮ್ಯಾಲ ಕೂಡ್ರಿಸಿದ್ರ ನರ ಹೋಗ್ತೈತಿ ಅಂತ ನಿಮಗ ಗೊತ್ತಿರಲಿಲ್ಲ?"

"ಈಗ ಗೊತ್ತೈತ್ರಿ. ಬೈಕಿನ ಮ್ಯಾಲನ ಹೋತು. ನಾ ಓಡಿಸಿದ ಬೈಕ್."

"ಅಷ್ಟೇ ಸ್ವಾಮಿ," ಎಂದು ಜ್ಞಾನೇಶ್ವರರು ಕೂರಲು ಹೊರಟರು.

"ಅಷ್ಟ ಅಲ್ರಿ!" ಮಾಳುವಿನ ಕೈ ಕಟಕಟೆಯ ಕಟ್ಟಿಗೆಯನ್ನು ಹಿಡಿದಿತ್ತು. "ಯಾಕ ಬೈಕ್ ಅಂತ ಕೇಳ್ರಿ. ನಾ ನೂರಾ ಎಂಟಕ್ಕ ಫೋನ್ ಹಚ್ಚಿದ್ನಿ. ಆಕಿ ಊರು ಕೇಳಿದ್ಲು, ಬನಹಟ್ಟಿ ಅಂದ್ನಿ. ಅಲ್ಲೆ ಕುಂತಾರಲ್ಲ, ಅವರು ಫೋನ್ ಕಸಗೊಂಡು ಕಿಸೇಕ ಹಾಕ್ಕೊಂಡ್ರು. ಪೊಲೀಸ್ರು ಬರ್ತಾರ, ಬೈಕ್ ಮ್ಯಾಲ ಒಯ್ಯಿ ಅಂದ್ರು."

"ಕೇಳಿದ್ದಕ್ಕಷ್ಟೇ ಉತ್ತರ ಹೇಳಪ್ಪ," ಎಂದರು ನ್ಯಾಯಾಧೀಶರು. ದಕ್ಷಿಣದ ಕಡೆಯವರು, ಮೆತ್ತಗಿನ ಮಾತು.

"ಕೇಳ್ಯಾರ್ರಿ ಸಾಹೇಬ್ರ. ನರ ಹೋಗ್ತೈತಿ ಅಂತ ಗೊತ್ತಿರಲಿಲ್ಲೇನು ಅಂತ ಕೇಳ್ಯಾರ. ನನಗ ಗೊತ್ತಿರಲಿಲ್ಲ, ಗೊತ್ತಿದ್ದವರ ಗಾಡಿ ಬರ್ತಿತ್ತು, ಅದನ್ನ ತಡದವರು ಯಾರು ಅಂತ ಹೇಳಾಕತ್ತೇನಿ!"

"ಸುಳ್ಳು! ಮೂರು ವರ್ಷ ಇಲ್ಲದ ಕತೆ," ಎಂದು ಜ್ಞಾನೇಶ್ವರರು ಎದ್ದರು.

ಅಕ್ಷತಾ ಆಗಲೇ ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು. ಅರ್ಧ ಸಿಟ್ಟು ಮಾಳುವಿನ ಮೇಲೇ ಇತ್ತು. "ಸ್ವಾಮಿ, ನೂರಾ ಎಂಟಕ್ಕೆ ಹೋದ ಕರೆ ಅಲ್ಲಿ ದಾಖಲಾಗಿರುತ್ತದೆ. ಯಾವ ನಂಬರು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು. ಅದನ್ನು ತರಿಸಲು ಇವತ್ತೇ ಅರ್ಜಿ ಕೊಡುತ್ತೇನೆ. ಸುಳ್ಳೋ ಖರೆಯೋ ಅದೇ ಹೇಳಲಿ."

ನ್ಯಾಯಾಧೀಶರು ಕನ್ನಡಕ ತೆಗೆದು ಹಿಂದಿನ ಬೆಂಚನ್ನು ನೋಡಿದರು. ಮುರಗೆಪ್ಪ ಅಂಗಿಯ ತೋಳಿನ ಗುಂಡಿ ಬಿಚ್ಚಿ ಹಾಕುತ್ತಿದ್ದ. "ಅರ್ಜಿ ಕೊಡಿ," ಎಂದರು. ಬೇರೊಂದು ಪ್ರಕರಣದವರನ್ನು ಕೂಗಿಸಿದರು.

ಬೆರಳಚ್ಚುಗಾರ ಮಾಳುವಿನ ಹೇಳಿಕೆಯ ಹಾಳೆ ಮುಂದಿಟ್ಟ. "ಇಲ್ಲಿ, ಇಲ್ಲಿ ಸಹಿ."

ಮಾಳು ಏಳನೆಯ ಇಯತ್ತೆ ಓದಿದವನು. ಬೆರಳಿಟ್ಟು ಓದತೊಡಗಿದ. 'ನನ್ನ ಅಣ್ಣನನ್ನು ಸೀರೆಯಲ್ಲಿ ಎತ್ತಿದೆವು ಎಂದರೆ ನಿಜ. ಮೋಟಾರ್ ಸೈಕಲ್ ಮೇಲೆ ನಾನೇ ಕೂಡಿಸಿದೆ ಎಂದರೆ ನಿಜ. ಅದರಿಂದ ನರಕ್ಕೆ ಪೆಟ್ಟಾಯಿತು ಎಂದರೆ ನಿಜ.' ಅಲ್ಲಿಗೆ ಮುಗಿದಿತ್ತು. ಹಾಳೆ ತಿರುಗಿಸಿದ. ಹಿಂದೆ ಖಾಲಿ.

"ಫೋನಿಂದು ಎಲ್ಲಿ ಐತ್ರಿ?"

"ಅದು ಪ್ರಶ್ನೆಗೆ ಬಂದ ಉತ್ತರ ಅಲ್ಲ. ಸಹಿ ಮಾಡ್ರಿ, ಹಿಂದ ಮಂದಿ ಅದಾರ."

"ಮಾಡೂದುಲ್ಲ."

"ಏ ಮಾರಾಯ, ಸುಮ್ನ..."

"ಮಾಡೂದುಲ್ಲಂದ್ರ ಮಾಡೂದುಲ್ಲ! ನಾ ಅಣ್ಣನ್ನ ಮುರದೇನಿ ಅಂತ ಅರ್ಧಾ ಬರದು ನನ್ನ ಸಹಿ ತಗೋತೀರೇನು? ಅವತ್ತ ಬಾಯಿ ಮುಚ್ಚಿದ್ನಿ. ಇವತ್ತೂ ಮುಚ್ಚಲೇನು?"

ಕೋರ್ಟಿನಲ್ಲಿದ್ದವರೆಲ್ಲ ತಿರುಗಿದರು. ಪೊಲೀಸನೊಬ್ಬ ಹತ್ತಿರ ಬಂದ. ಮಾಳು ಕದಲಲಿಲ್ಲ. ನ್ಯಾಯಾಧೀಶರು ಹಾಳೆ ತರಿಸಿಕೊಂಡು ಓದಿದರು, ತುಟಿ ಬಿಗಿದರು. ಆಮೇಲೆ ಬೆರಳಚ್ಚುಗಾರನತ್ತ ತಿರುಗಿ ನಿಧಾನವಾಗಿ ಹೇಳಿದರು, "ಬರ್ಕೊಳ್ಳಿ. ಸಾಕ್ಷಿ ಮುಂದುವರಿದು ಹೇಳುವುದೇನೆಂದರೆ..."

ಕೀಲಿಗಳು ಟಕಟಕ ಎಂದವು. ನೂರಾ ಎಂಟು ಬಂತು. ಬನಹಟ್ಟಿ ಬಂತು. ಎದುರುದಾರರು ಫೋನನ್ನು ಕಸಿದುಕೊಂಡರು ಎಂಬುದು ಬಂತು. ಬೆರಳಚ್ಚುಗಾರ ಹೊಸ ಹಾಳೆ ತೆಗೆದು, ತನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಗೊಣಗುತ್ತ ಓದಿದ.

"ಜೋರಾಗಿ ಓದ್ರಿ," ಎಂದ ಮಾಳು, ಪೆನ್ನು ಹಿಡಿದು. "ಹಿಂದಿನ ಬೆಂಚಿಗೆ ಕೇಳ್ಬೇಕು."