ಬಾಜೂಕ ಒಂದು ಕುರ್ಚಿ

ಎಡ ಅಂಗೈಯ ಮೇಲೆ ಇಷ್ಟಲಿಂಗ ಕೂತಿತ್ತು. ರೋಹಿಣಿ ಬಲಗೈಯಿಂದ ಪತ್ರಿ ಏರಿಸಿದಳು, ನಿಲ್ಲಲಿಲ್ಲ, ಜಾರಿತು. ಎರಡನೆಯದೂ ಜಾರಿತು. ಮೂರನೆಯ ಸಲ ಲಿಂಗವೇ ಒಂದಿಷ್ಟು ಸರಿದಂತಾಗಿ, ಗಾಬರಿಯಿಂದ ಬಲಗೈಯನ್ನೂ ಕೆಳಗೆ ಒಡ್ಡಿದಳು. ಲಿಂಗದೀಕ್ಷೆಯಾದಾಗ ಆಕೆಗೆ ಎಂಟು ವರ್ಷ. ಈ ಮೂವತ್ತು ವರ್ಷದಲ್ಲಿ ಜ್ವರ ಬಂದ ದಿನವೂ ಹೀಗಾಗಿರಲಿಲ್ಲ.

ಹಿಂದೆ ಕೂತಿದ್ದ ಅತ್ತೆ ಮಹಾದೇವಕ್ಕ ನೋಡಿದಳು. “ಯಾಕ, ಏನಾತು?”

“ಎಡಗೈ ಜೋಮ ಹಿಡದೈತ್ರಿ ಅತ್ತಿ. ಕುತಿಗಿಯಿಂದ ಬೆರಳ ತನಕಾ.”

“ಪಂಚಾಯ್ತ್ಯಾಗ ದಿನಾ ಜ್ವಾಳದ ಚೀಲಾ ಹೊರತೀಯೇನು?”

“ಕುಂತ ಕೆಲಸರಿ. ಕಂಪ್ಯೂಟರ.”

“ಕುಂತಾಕಿ ಕೈ ಹಿಂಗ ನಡಗತೈತಂದ್ರ ಕುಂದರೂದ್ರಾಗ ಏನೋ ತಪ್ಪೈತಿ,” ಎಂದು ಮುದುಕಿ ಸರಿದು ಬಂದು ಸೊಸೆಯ ಮೊಣಕೈ ಕೆಳಗೆ ತನ್ನ ಕೈ ಕೊಟ್ಟಳು. ಪೂಜೆ ಮುಗಿಯಿತು. ಆದರೆ ಅಂಗೈಯಲ್ಲಿರುವ ಶಿವನನ್ನು ಹಿಡಿಯಲು ಇನ್ನೊಬ್ಬರ ಕೈ ಬೇಕಾಯಿತಲ್ಲ ಎಂಬ ಸಂಕಟ, ರೊಟ್ಟಿ ಕಟ್ಟಿಕೊಂಡು ಪಂಚಾಯ್ತಿಗೆ ಹೊರಟಾಗಲೂ ಹೋಗಲಿಲ್ಲ.

ತಪ್ಪು ಎಲ್ಲಿದೆಯೆಂದು ರೋಹಿಣಿಗೆ ಗೊತ್ತಿತ್ತು. ಕುಂದಗೋಳದ ಡಾಕ್ಟರು ಹದಿನೈದು ದಿನದ ಹಿಂದೆಯೇ ಹೇಳಿದ್ದರು: “ಕೀಬೋರ್ಡ್ ಎದರಿಗೆ, ಪರದೆ ಎಡಕ್ಕ. ಏಳ ತಾಸು ಕುತಿಗಿ ತಿರುವಿಕೊಂಡು ಕುಂತ್ರ ನರಾ ಪಾಪ ಏನ್ ಮಾಡಬೇಕ್ರಿ? ನಟ್ಟ ನಡುವ ತಂದಿಡ್ರಿ.”

ಆಕೆ ಇಟ್ಟಿರಲಿಲ್ಲ. ಮೊದಲಿದ್ದ ಗುಮಾಸ್ತ ಪರದೆಯ ಹಿಂದೆ ಅಡಗಿ ಕೂತವನು ಬಂದವರ ಮುಖವನ್ನೇ ನೋಡುತ್ತಿರಲಿಲ್ಲ. “ಅರ್ಜಿ ಈ ಡಬ್ಬಿಗೆ ಕೊಡ್ಲ್ಯೋ, ಮನಷ್ಯಾಗ ಕೊಡ್ಲ್ಯೋ?” ಎಂದು ಮಡಿವಾಳೆಪ್ಪಜ್ಜ ಆಫೀಸು ಮೊಳಗುವಂತೆ ಕೂಗಿದ್ದ. ಅದಕ್ಕೇ ರೋಹಿಣಿ ಕೆಲಸಕ್ಕೆ ಸೇರಿದ ದಿನವೇ ಪರದೆಯನ್ನು ಮೇಜಿನ ಎಡ ಅಂಚಿಗೆ ಸರಿಸಿದ್ದಳು. ರೋಹಿಣವ್ವ ಮುಖಾ ಕೊಟ್ಟು ಮಾತಾಡತಾಳ ಎಂದು ಊರು ಹೊಗಳಿತು. ನಾಲ್ಕು ವರ್ಷ ಆ ಹೊಗಳಿಕೆಯನ್ನು ಆಕೆಯ ಕುತ್ತಿಗೆ ಹೊತ್ತಿತ್ತು.

ಇವತ್ತು ಪರದೆಯನ್ನು ನಡುವೆ ಎಳೆದಳು. ಎತ್ತರಕ್ಕೆಂದು ಕೆಳಗೆ ಕಾಗದದ ಎರಡು ಕಟ್ಟು ಕೊಟ್ಟಳು. ಕುತ್ತಿಗೆ ನೇರವಾಯಿತು, ಎದುರಿನ ಬಾಗಿಲು ಮಾತ್ರ ಮರೆಯಾಯಿತು.

ಸ್ವಲ್ಪ ಹೊತ್ತಿಗೆ ಕೋಲಿನ ಸಪ್ಪಳ ಕೇಳಿತು. “ಯವ್ವಾ, ನೀನೂ ಡಬ್ಬಿ ಹಿಂದ ಹೊಕ್ಕೇನ? ಮನಿ ಯಾರ ಹೆಸರಿಗೈತಿ ಅನ್ನೂ ಉತಾರದ ನಕಲು ಬೇಕಾಗಿತ್ತು. ಯಾರನ್ನ ಕೇಳಲಿ?”

ಮಡಿವಾಳೆಪ್ಪಜ್ಜನೇ. ರೋಹಿಣಿಯ ಎಡಗೈ ತಾನಾಗಿ ಪರದೆಯ ಅಂಚಿಗೆ ಹೋಯಿತು, ಮತ್ತೆ ಎಡಕ್ಕೆ ದೂಡಲು. ಬೆರಳಿಗೆ ಜೋಮು ಹತ್ತಿತು. ಬೆಳಿಗ್ಗೆ ಜಾರಿದ ಪತ್ರಿ ನೆನಪಾಯಿತು. ಆಕೆ ಪರದೆ ಬಿಟ್ಟು ಎದ್ದಳು, ಗೋಡೆಗಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಬಲಗೈಯಲ್ಲಿ ಎಳೆದು ತಂದು ತನ್ನ ಕುರ್ಚಿಯ ಪಕ್ಕ ಹಾಕಿದಳು.

“ಈ ಕಡೆ ಬರ್ರಿ ಅಜ್ಜಾರ. ಬಾಜೂಕ ಕುಂದರ್ರಿ.”

“ಅದು ಆಫೀಸಿನವರ ಜಾಗಾ ಅಲ್ಲೇನು?”

“ನನ್ನ ಕುತಿಗಿ ಹೋಗೇತ್ರಿ. ಇನ್ನ ಮ್ಯಾಲೆ ಬಂದವ್ರೆಲ್ಲಾ ಇಲ್ಲೇ.”

ಊರಿನವರು ಯಾರೂ ಮೇಜಿನ ಆ ಮಗ್ಗಲು ಹಾಯ್ದಿರಲಿಲ್ಲ. ಅಜ್ಜ ಚಪ್ಪಲಿ ಕಳೆದು, ಗುಡಿಯೊಳಗೆ ಬಂದಂತೆ ಬಂದು, ಕುರ್ಚಿಯ ತುದಿಗೆ ಕೂತ. ರೋಹಿಣಿ ಪರದೆಯ ಮೇಲೆ ಅವನ ಉತಾರ ತೆರೆದಳು.

“ಇದರಾಗ ನಾ ಎಲ್ಲದೀನಿ?”

“ಇಲ್ಲೇ ಅದೀರಿ ನೋಡ್ರಿ. ಇದು ನಿಮ್ಮ ಹೆಸರ, ಇದು ನಿಮ್ಮ ಅಪ್ಪಾರದು.”

ಅಜ್ಜ ಅಕ್ಷರ ಕೂಡಿಸಿ ತಂದೆಯ ಹೆಸರು ಓದಿದ. ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಬೆರಳು ನೋಡಿಕೊಂಡು, “ಎಷ್ಟ ಧೂಳಾಗೇತಿ ಬೇ, ಒರಸೂದಿಲ್ಲೇನ?” ಎಂದ. ರೋಹಿಣಿಗೆ ದಣಿವಿನೊಳಗೂ ನಗೆ ಬಂತು.

ಮರುದಿನ ಬೆಳಿಗ್ಗೆಯೂ ಕೈ ಭಾರವಾಗಿಯೇ ಇತ್ತು. ನಾಲ್ಕು ವರ್ಷದ ನೋವು ಒಂದು ದಿನಕ್ಕೆ ಬಿಡುವುದೆಲ್ಲಿ? ಮೊದಲ ಪತ್ರಿ ಜಾರಿತು. ಎರಡನೆಯದು ಅಲುಗಿ, ನಿಂತಿತು. ಮೊಣಕೈ ಕೆಳಗೆ ಅತ್ತೆಯ ಒರಟು ಅಂಗೈ ಬೆಚ್ಚಗಿತ್ತು. ಮುದುಕಿ ಕೈ ತೆಗೆಯಲಿಲ್ಲ. ತೆಗೀರಿ ಎಂದು ರೋಹಿಣಿಯೂ ಅನ್ನಲಿಲ್ಲ.