ಭಟ್ಟಿ ಆರಿಸುವವರೆಗೆ

“ಗಾಡಿಯವನು ಎರಡು ಸಲ ಹಾರ್ನ್ ಹೊಡೆದ, ಭಾವ. ಅಕ್ಕನ್ನ ಇನ್ನೂ ಎಷ್ಟು ಹೊತ್ತು ಹಾಗೇ ಮಲಗಿಸಿರೋದು?”

ಬಾಮೈದ ಹೀಗೆಂದಾಗ ಕಂಡಕ್ಟರು ಹೆಂಡತಿಯ ಕಪ್ಪು ಕನ್ನಡಕ ಹಾಕಿಕೊಂಡು, ಭಟ್ಟಿಯ ಬಾಗಿಲಿನ ಸಣ್ಣ ತೂತಿಗೆ ಕಣ್ಣು ನೆಟ್ಟು ಕುಕ್ಕರಗಾಲಲ್ಲಿ ಕುಳಿತಿದ್ದರು. ಮೂವತ್ತು ವರ್ಷ, ಮಂತ್ರಿ ಬಂದರೂ ಬಸ್ಸನ್ನು ಒಂದು ನಿಮಿಷ ನಿಲ್ಲಿಸದಿದ್ದ ಮನುಷ್ಯ.

ಅಂಗಳದಲ್ಲಿ ಅವರ ಚಿಕ್ಕಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: “ಹೆಂಡ್ತಿ ತೀರಿಹೋಗಿದ್ದಾಳೆ, ಇವನು ಟೈಲ್ಸ್ ಬೇಯಿಸ್ತಾ ಕೂತಿದ್ದಾನೆ. ಅವಳ ಹುಚ್ಚು ಇವನಿಗೂ ಅಂಟಿಕೊಳ್ತು.”

ಬೆಳಗಿನ ಜಾವ ಭಟ್ಟಿ ಹಚ್ಚಿದವಳು ಅವಳೇ. ಏಳು ಗಂಟೆಗೆ ಇವರು ಶೆಡ್ಡಿನ ಬಾಗಿಲಲ್ಲಿ ನಿಂತು “ಟೀ” ಎಂದು ಕೂಗಿದಾಗ ಕುರ್ಚಿಯಿಂದ ಏಳಲಿಲ್ಲ. ಡಾಕ್ಟರು ಬಂದು ಹೋದರು, ನೆಂಟರು ಬಂದರು. ಕಂಡಕ್ಟರು ಅವಳು ಬರೆದಿಟ್ಟ ಚೀಟಿ ನೋಡಿಕೊಂಡು ಗಂಟೆಗೊಮ್ಮೆ ಗ್ಯಾಸ್ ಏರಿಸಿದರು. ಒಳಗಿದ್ದದ್ದು ಆಸ್ಪತ್ರೆಯ ಮಕ್ಕಳ ವಾರ್ಡಿನ ಗೋಡೆಗೆಂದು ಅವಳು ಆರು ತಿಂಗಳು ಕೂತು ಮಾಡಿದ ಅರವತ್ತು ಟೈಲ್ಸ್. ಒಂದೊಂದರ ಮೇಲೂ ಒಂದೊಂದು ಮೀನು. ಬೇಗ ಆರಿಸಿದರೆ ಬಣ್ಣ ಕರಗದೆ ಮಂಕಾಗುತ್ತದೆ. ತಡವಾದರೆ ಮೀನೇ ನೀರಾಗಿ ಹರಿದುಹೋಗುತ್ತದೆ.

* * *

ಇದೇ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಹೆಂಡತಿ ಊಟದ ನಡುವೆ ಎದ್ದು ಬಂದಿದ್ದಳು, ಭಟ್ಟಿ ಕಾಯುತ್ತಿದೆ ಎಂದು. ಹಿಂದೆಯೇ ಬಂದ ಕಂಡಕ್ಟರು ಶೆಡ್ಡಿನ ಹೊಸ್ತಿಲಲ್ಲೇ ನಿಂತು ಅಂದಿದ್ದರು:

“ಊರಲ್ಲಿ ಹೆಂಗಸರಿಗೆ ಸವತಿ ಬರ್ತಾಳೆ. ನನಗೆ ಬಂದಿದ್ದಾಳೆ ನೋಡು, ಇಟ್ಟಿಗೆ ಮೈಯವಳು.”

ಅವಳು ನಕ್ಕಳು. “ಬನ್ನಿ ಮತ್ತೆ, ಸವತಿ ಮುಖ ನೋಡಿ. ತೂತಿನೊಳಗೆ ಮೂರು ಮಣ್ಣಿನ ಕಡ್ಡಿ ನಿಂತಿದೆಯಲ್ಲ, ಶಾಖ ಸಾಕಾಗಿ ನಡುವಿಂದು ತಲೆ ಬಗ್ಗಿಸಿದಾಗ ಆರಿಸಬೇಕು.”

ಅವರು ನೋಡಲಿಲ್ಲ. ಎಂಟು ದಿನ ಮಾತೂ ಆಡಲಿಲ್ಲ.

* * *

“ನೀವು ಹೊರಡಿ ಭಾವ. ಇದನ್ನ ನಾನು ನೋಡ್ಕೋತೀನಿ.”

“ನಿನಗೇನು ಗೊತ್ತು?”

“ನಿಮಗೇನು ಗೊತ್ತು? ಇವತ್ತಿನವರೆಗೆ ಒಂದು ದಿನ ಈ ಶೆಡ್ಡಿನೊಳಗೆ ಕಾಲಿಟ್ಟವರಲ್ಲ.”

“ಇಟ್ಟಿರಲಿಲ್ಲ,” ಎಂದರು ಕಂಡಕ್ಟರು, ತೂತಿನಿಂದ ಕಣ್ಣು ತೆಗೆಯದೆ. “ಅವಳು ಕರೀತಾನೇ ಇದ್ಲು.”

ಬಾಮೈದ ಪಕ್ಕದಲ್ಲಿ ಕುಳಿತ.

“ಬಗ್ಗಿತಾ?”

“ಇನ್ನೂ ಸ್ವಲ್ಪ.”

ಸ್ವಲ್ಪ ಹೊತ್ತಿಗೆ ಕಂಡಕ್ಟರು ಕನ್ನಡಕ ತೆಗೆದು, ಕೈ ಚಾಚಿ, ಗ್ಯಾಸ್ ತಿರುಗಿಸಿದರು. ಬೆಳಗಿನಿಂದ ಬೆಂಕಿಯ ಆ ಭೋರ್ ಸದ್ದಿನ ಮೇಲೆ ದನಿ ಏರಿಸಿ ಮಾತಾಡುತ್ತಿದ್ದ ಅಂಗಳದ ಜನವೆಲ್ಲ, ಅದು ನಿಂತದ್ದೇ, ತಮ್ಮ ದನಿ ತಮಗೇ ಕೇಳಿಸಿ ಒಮ್ಮೆಲೇ ಸುಮ್ಮನಾದರು.